ಎರಡು ಬೆಲೆ

ಬುಧವಾರ ಸಂಜೆ ಶಾಲೆಯ ಗ್ರಂಥಾಲಯದಲ್ಲಿ
ನನ್ನ ಮೇಜಿನೆದುರು ಮೂರು ಕುರ್ಚಿ.
ಮೇಯ್ನ್ ತೀರದ ಈ ಊರಲ್ಲಿ ಹದಿನೇಳು ವರ್ಷದಿಂದ ಇದೇ ಕೆಲಸ:
ಮಕ್ಕಳ ಕಾಲೇಜಿಗೆ ಲೆಕ್ಕ ಹಾಕಲು ಬಂದವರಿಗೆ
ಪೆನ್ಸಿಲ್ ಕೊಡುವುದು. ಪೆನ್ನು ಕೊಡುವುದಿಲ್ಲ.

ಆರ್ಮಾಂಡ್ ಪೆಲ್ಟಿಯೇ ಬಂದ, ಬೂಟಿನ ಉಪ್ಪು ಬಾಗಿಲಲ್ಲೇ ಕೊಡವಿ.
ಹಿಂದೆ ಲೊರೇನ್, ಬಿಸ್ಕತ್ತಿನ ಡಬ್ಬಿಯಲ್ಲಿ
ಎರಡು ವರ್ಷದ ತೆರಿಗೆಯ ಕಾಗದ.
ಮಗಳು ಕೊರಿನ್ ಕಿಟಕಿಗೆ ಮುಖ ಮಾಡಿ ಕೂತಳು,
ಮಾತು ಯಾರದೋ ಎಂಬಂತೆ.

ಕಾಲೇಜು ಕಳಿಸಿದ ಅಂಕಿ ನೋಡಿ ಲೊರೇನ್
ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.
ಅಂಕಿ ಅಷ್ಟೇ ಇತ್ತು.
ಎಂದಿನ ಪಾಠ ಶುರುಮಾಡಿದೆ:
ಇದು ಬರೆದ ಬೆಲೆ, ಕೊಡುವ ಬೆಲೆ ಬೇರೆ,
ನೆರವು ಕಳೆದು, ವಿದ್ಯಾರ್ಥಿವೇತನ ಕಳೆದು...
ಆರ್ಮಾಂಡ್ ಕೈ ಎತ್ತಿದ.
"ದಕ್ಕೆಯಲ್ಲಿ ನನ್ನ ಲಾಬ್ಸ್ಟರಿಗೆ ಒಂದು ಬೆಲೆ,
ಬಾಸ್ಟನ್ನಿನ ತಟ್ಟೆಯಲ್ಲಿ ಇನ್ನೊಂದು.
ಎರಡು ಬೆಲೆ ಇರುತ್ತೆ ಅನ್ನೋದನ್ನ
ನನಗೆ ಹೇಳಿಕೊಡಬೇಡಿ, ಮೇಡಂ."

ಮುಂದಿನ ಪುಟ: ಆಸ್ತಿ.
ಉಳಿತಾಯ? ಲೊರೇನ್ ಹೇಳಿದ್ದು ಕೇಳಿಸಲಿಲ್ಲ,
ಮತ್ತೆ ಕೇಳಲಿಲ್ಲ, ಕಾಗದದಲ್ಲೇ ನೋಡಿಕೊಂಡೆ.
ದೋಣಿ?
ಮೂವತ್ತೆಂಟಡಿ. ಸಾಲ ಇನ್ನೂ ನಾಲ್ಕು ವರ್ಷ.
ಮಾರಿದರೆ ಎಷ್ಟು ಬಂದೀತು, ಬರೀರಿ.
"ಮಾರಲ್ಲ."
ಮಾರಬೇಕಿಲ್ಲ, ಬರೆದರೆ ಸಾಕು.
"ಅದರ ಹೆಸರೇನು ಗೊತ್ತಾ?"
ಕಿಟಕಿಯ ಕಡೆಯಿಂದ ಕೊರಿನ್: "ನಂದೇ."

ಅವಳು ಹುಟ್ಟಿದ ವರ್ಷ ಬರೆದ ನೀಲಿ ಅಕ್ಷರ,
ಪ್ರತಿ ಮೇ ತಿಂಗಳು ಅದರ ಮೇಲೇ ಹೊಸ ಬಣ್ಣ ಬಳಿಯುತ್ತಾನಂತೆ.

ಜೇಬಿನಿಂದ ಹಿತ್ತಾಳೆಯ ಅಳತೆಪಟ್ಟಿ ತೆಗೆದು
ಮೇಜಿನ ಮೇಲೆ ಆಡಿಸುತ್ತ ಹೇಳಿದ:
"ಇದಕ್ಕಿಂತ ಸಣ್ಣದಾದರೆ ವಾಪಸ್ ಕಡಲಿಗೆ.
ತೀರ ದೊಡ್ಡದಾದರೂ ವಾಪಸ್.
ನಿಮ್ಮ ನೆರವಿಗೂ ಇಂಥದೊಂದು ಇದೆಯಾ?"
ಇದೆ, ಅಂದೆ. ನೀವೆಲ್ಲಿ ಬೀಳ್ತೀರೋ
ಮಾರ್ಚಿನಲ್ಲಿ ಗೊತ್ತಾಗುತ್ತೆ.

ಕೊನೆಗೊಂದು ಸುಲಭದ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ?
ನಾಲ್ಕು, ಅಂದಳು ಲೊರೇನ್. ಚಿಕ್ಕವನೊಬ್ಬ ಇದ್ದಾನೆ.
"ಸೆಪ್ಟೆಂಬರಿನಿಂದ ಮೂರಲ್ವಾ?" ಆರ್ಮಾಂಡ್ ಕೇಳಿದ್ದು
ನನ್ನನ್ನಲ್ಲ, ಬಿಸ್ಕತ್ತಿನ ಡಬ್ಬಿಯನ್ನು.
ಇಲ್ಲ, ಓದಲು ಹೋದವಳನ್ನೂ ಎಣಿಸಬೇಕು, ಅಂದೆ.
ಈ ಇಡೀ ಅರ್ಜಿಯಲ್ಲಿ ನನಗೆ ಇಷ್ಟವಾದ ಸಾಲು ಅದೊಂದೇ.
ನಾಲ್ಕು ಬರೆದ, ಸೀಸದ ಮೊನೆ ಮುರಿಯುವಷ್ಟು ಒತ್ತಿ.
ದೋಣಿಯ ಜಾಗ ಹಾಗೇ ಬಿಟ್ಟ.

ಅವರು ಹೋದಮೇಲೆ ಕೊರಿನ್ ಓಡಿಬಂದಳು,
ಮರೆತ ಅಳತೆಪಟ್ಟಿಗೆ. "ಇದಿಲ್ಲದಿದ್ರೆ ನಾಳೆ ಅಪ್ಪನಿಗೆ ದಂಡ."
ಬಾಗಿಲಲ್ಲಿ ನಿಂತು, ತುಸು ತಡೆದು:
"ಹೋದ ವರ್ಷದಿಂದ ಆ ಹೆಸರು ಬಳಿಯೋದು ನಾನೇ.
ಅಪ್ಪನ ಕೈ ನಡುಗುತ್ತೆ.
ಅದನ್ನೆಲ್ಲಿ ಬರೀಬೇಕು, ಮೇಡಂ?"