ಹಗುರ ಕೆಲಸ

ಕಂಪನಿ ವಕೀಲರು ಬರೆದು ತಂದಿದ್ದರು:
ಹೆಂಗಸರದು ಹಗುರ ಕೆಲಸ, ಸ್ವಾಮಿ,
ಕೂತಲ್ಲೇ ಮಾಡುವಂಥದ್ದು.

ಕೂತಲ್ಲೇ. ನಿಜ.
ಇಪ್ಪತ್ತೆರಡು ವರ್ಷ ಕೂತಿದ್ದೇನೆ
ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜಿನ ಮುಂದೆ,
ಟ್ಯೂಬ್‌ಲೈಟಿನ ಕೆಳಗೆ ಕಾಫಿ ಬೀಜ ಹರವಿಕೊಂಡು.
ಕಪ್ಪು ಒಂದು ಕಡೆ, ಚೂರು ಒಂದು ಕಡೆ,
ಹುಳ ಕೊರೆದದ್ದು, ಮಳೆಗೆ ಸಿಕ್ಕಿ ಬಿಳಿಚಿಕೊಂಡದ್ದು.
ರಾತ್ರಿ ಉಣ್ಣಲು ಕೂತರೂ ಬೆರಳು ತಂತಾನೆ
ತಟ್ಟೆಯ ಅನ್ನವನ್ನು ಅಗುಳಗುಳಾಗಿ ಸರಿಸುತ್ತದೆ.
ಮಗಳು ಬೈಯುತ್ತಾಳೆ: ಅವ್ವ, ಅದು ಅನ್ನ.

ಬಣ್ಣ ನೋಡಿ ಆರಿಸುವ ಮಿಷನ್ನು ಬಂತು.
ಅದಕ್ಕೆ ಕಣ್ಣಿತ್ತು, ಬುದ್ಧಿ ಇರಲಿಲ್ಲ.
ಅದರ ಜೊತೆ ಬಂದ ಯತೀಶನಿಗೂ,
ಐಟಿಐ ಮುಗಿಸಿದ, ಮೀಸೆ ಇನ್ನೂ ಚಿಗುರುತ್ತಿದ್ದ ಹುಡುಗ,
ಯಾವುದು ಕಪ್ಪು, ಯಾವುದು ಬರೀ ಕಂದು ತಿಳಿಯದು.
ಅಂಗೈ ಮೇಲಿಟ್ಟು ತೋರಿಸಿದೆ.
ಹಲ್ಲಲ್ಲಿ ಕಚ್ಚಿ ನೋಡು ಅಂದೆ, ಸದ್ದು ಕೇಳು.
ಆರು ತಿಂಗಳು.
ಅವನು ಕಲಿತ. ಅವನಿಂದ ಮಿಷನ್ನು ಕಲಿಯಿತು.
ಮಿಷನ್ನು ಬಿಟ್ಟ ತಪ್ಪು ಹೆಕ್ಕಲು
ಮತ್ತೆ ನಾವೇ ಕೂತೆವು.

ಯತೀಶ ಆಪರೇಟರ್.
ನಾನು ಹೆಲ್ಪರ್.
ಅವನ ದಿನದ ಸಂಬಳದಲ್ಲಿ ನನ್ನದು ಕಳೆದರೆ
ಉಳಿಯುವುದು ಇನ್ನೂರ ಎಪ್ಪತ್ತು ರೂಪಾಯಿ.
ಎಷ್ಟು ಸಲ ಕಳೆದಿದ್ದೇನೆಂದರೆ
ನಿದ್ದೆಯಲ್ಲೂ ಬೆರಳು ಎಣಿಸದೆ ಬರುತ್ತದೆ ಉತ್ತರ.

ಹಣ್ಣು ಬಿಡಿಸಿ ನೋಡಿದವರಿಗೆ ಗೊತ್ತು,
ಒಂದೇ ಸಿಪ್ಪೆಯೊಳಗೆ ಎರಡು ಬೀಜ,
ಚಪ್ಪಟೆ ಮುಖಕ್ಕೆ ಮುಖ ತಾಗಿಸಿ ಮಲಗಿರುತ್ತವೆ.
ಯಾವುದು ಆಪರೇಟರ್ ಅಂತ
ನನ್ನ ಕಣ್ಣಿಗೂ ಇದುವರೆಗೆ ಕಂಡಿಲ್ಲ.

ಅರ್ಜಿಗೆ ರುಜು ಹಾಕಿದವರು ಇಪ್ಪತ್ತಮೂರು.
ಲೇಬರ್ ಆಫೀಸರ್ ಮುಂದೆ ರಾಜಿಗೆ ಕೂತಾಗ ಹದಿನಾಲ್ಕು.
ಸೀಜನ್ ಮುಗಿದು 'ಇನ್ನು ಬರಬೇಡಿ' ಅಂದಾಗ ಆರು.
ಈಗ ಕೋರ್ಟಿನ ಬೆಂಚಿನ ಮೇಲೆ
ನಾನು, ಅಂಜಲೈ, ಮತ್ತೆ ರುಕಿಯಾಬಿಯ ಕೈಚೀಲ.
ಅವಳು ಜೆರಾಕ್ಸ್ ಅಂಗಡಿಗೆ ಹೋಗಿದ್ದಾಳೆ,
ಇನ್ನೊಂದು ಪ್ರತಿ ಬೇಕಂತೆ. ಯಾವಾಗಲೂ ಇನ್ನೊಂದು ಪ್ರತಿ.
ಬಿಟ್ಟು ಹೋದವರ ಮೇಲೆ ನನಗೆ ಸಿಟ್ಟಿಲ್ಲ.
ಫಿಲೋಮಿನಾ ಮಾತ್ರ ನನ್ನ ಕಂಡರೆ
ಆಚೆ ಬದಿಗೆ ದಾಟುತ್ತಾಳೆ.
ಮಾರ್ಕೆಟ್ ರಸ್ತೆ ಅಷ್ಟು ಅಗಲವೂ ಇಲ್ಲ.

ಯತೀಶ ಕಂಪನಿ ಕಡೆ ಸಾಕ್ಷಿ.
ಇಸ್ತ್ರಿ ಅಂಗಿ ತೊಟ್ಟು ಬಾಯಿಪಾಠ ಒಪ್ಪಿಸಿದ:
ನನ್ನದು ತಾಂತ್ರಿಕ ಕೆಲಸ, ಅವರದು ಬೇರೆ.
ನಮ್ಮ ಶಾಹಿಸ್ತಾ ಮೇಡಂ ಕನ್ನಡಕ ತೆಗೆದು
ಒಂದೇ ಪ್ರಶ್ನೆ ಕೇಳಿದರು:
ಬೀಜ ಗುರುತಿಸೋದು ನಿಮಗೆ ಕಲಿಸಿದ್ದು ಯಾರು?

ಫ್ಯಾನು ಎರಡು ಸುತ್ತು ತಿರುಗಿತು.
'ಅಕ್ಕ' ಅಂದ.
ಟೈಪಿಸ್ಟ್ ಹುಡುಗಿ ತಲೆ ಎತ್ತಿದಳು:
ಅಕ್ಕ ಅಂದ್ರೆ? ಹೆಸರು ಹೇಳಿ.

ಅವನು ನನ್ನ ಕಡೆ ನೋಡಿದ.
ಒಂಬತ್ತು ವರ್ಷ ನನ್ನ ಬುತ್ತಿಯ ಚಟ್ನಿ ತಿಂದವನು,
ಸುಳ್ಳಾಡಲು ತಡವರಿಸುತ್ತಾನೆ ಅಂದುಕೊಂಡೆ.
ಅಲ್ಲ.
ಅವನಿಗೆ ನನ್ನ ಹೆಸರು ಗೊತ್ತಿರಲಿಲ್ಲ.

ತಪ್ಪು ಅವನದೊಂದೇ ಅಲ್ಲ.
ಹಾಜರಿ ಪುಸ್ತಕದಲ್ಲಿ ನಾನು 'ದೇವಿ, ೧೭'.
ಕೂಲಿಯ ಹಾಗೇ ಹೆಸರನ್ನೂ ಮುರಿದು ಬರೆದಿದ್ದರು,
ಕಾಲಂ ಚಿಕ್ಕದು ಅಂತ.

ಎದ್ದು ನಿಂತೆ.
'ದ್ಯಾವೀರಮ್ಮ. ಬಿಂಡಿಗದ ಬೆಟ್ಟದ ಅಮ್ಮನ ಹೆಸರು.
ಮನೆ ಗೌರಿಕಾಲುವೆ. ಬರ್ಕೊಳವ್ವ.'
ನ್ಯಾಯಾಧೀಶರು ಗದರಿದರು: ನಿಮ್ಮ ಸರದಿ ಬಂದಾಗ ಮಾತಾಡಿ.
ಕೂತೆ.
ಕೂತಲ್ಲೇ ಮಾಡುವ ಕೆಲಸ ನನ್ನದು.
ಕೀಲಿಮಣೆ ಟಕಟಕ ಅಂತ ಸ್ವಲ್ಪ ಹೊತ್ತು ಸದ್ದು ಮಾಡಿತು.
ಎಷ್ಟಕ್ಷರ ಹೊಡೆದಳೋ, ಎಣಿಸಲಾಗಲಿಲ್ಲ.

ಮುಂದಿನ ತಾರೀಖು ಹದಿನೆಂಟು.
ಹೊರಗೆ ಯತೀಶ ಬೈಕಿನ ಹತ್ತಿರ ನಿಂತಿದ್ದ,
ಹೆಲ್ಮೆಟ್ಟು ಕೈಯಲ್ಲೇ ಇತ್ತು.
'ದ್ಯಾವೀರಕ್ಕ' ಅಂದ,
ಹಲ್ಲಲ್ಲಿ ಕಚ್ಚಿ ನೋಡುವವನ ಹಾಗೆ.
'ಇನ್ನೂರ ಎಪ್ಪತ್ತು' ಅಂದೆ ನಾನು.

ಅಷ್ಟರಲ್ಲಿ ರುಕಿಯಾಬಿ ಏದುಸಿರು ಬಿಡುತ್ತ ಬಂದಳು.
ಮುಗೀತಾ? ಆಗಲೇ ಮುಗೀತಾ?
ಅವಳ ಕೈಯ ಪ್ರತಿಗಳು
ಇನ್ನೂ ಬಿಸಿ ಇದ್ದವು.