ಹಗೇವು

ತಲೆಗೆ ಎಪ್ಪತ್ತು ರೂಪಾಯಿ, ಮಕ್ಕಳಿಗೆ ಅರ್ಧ.
ಪಾಂಡವಪುರದ ರಸ್ತೆಯಲ್ಲಿ ನಾಲೆ ದಾಟಿ ಎಡಕ್ಕೆ ತಿರುಗಿದರೆ
ಇನ್ನೂರು ವರ್ಷ ಹಿಂದಕ್ಕೆ ಹೋಗಬಹುದಂತೆ.
ಚಪ್ಪಲಿ ಬಿಡಬೇಕಾಗಿಲ್ಲ.

ಹಜಾರದಲ್ಲಿ ಪುಟ್ಟಸಿದ್ದಮ್ಮ ರಾಗಿ ಬೀಸುತ್ತಾಳೆ,
ಹತ್ತರಿಂದ ಐದರವರೆಗೆ, ಸೋಮವಾರ ರಜ.
ನನ್ನ ಮಗಳನ್ನು ಕರೆದು ಗೂಟ ಹಿಡಿಸಿದಳು:
"ಆ ಕಡಿಕಲ್ಲ ಕೂಸೆ, ಈ ಕಡಿಕೆ. ಕಲ್ಗೂ ಒಂದ್ ಮರ್ವಾದೆ ಐತೆ."
ಬೀಸಿದ್ದು ಏನಾಗುತ್ತೆ ಎಂದೆ.
"ಸಂಜೆಗೆ ಕೋಳಿಗ್ ಹಾಕ್ತರೆ ಸಾ.
ನಾವ್ ಉಣ್ಣೋದು ಮಿಶಿನ್ ಹಿಟ್ಟೇಯ."
ಸೆರಗಿನೊಳಗೆ ಫೋನು ಗುಂಯ್ ಎಂದಿತು.
ಕೇಳಿಸದ ಹಾಗೆ ಬೀಸಿದಳು.

ಪಟೇಲರ ತೊಟ್ಟಿಮನೆ, ಕುಂಬಾರನ ತಿಗರಿ,
ಕಮ್ಮಾರನ ತಿದಿ — ಗುಂಡಿ ಒತ್ತಿದರೆ ಉಸಿರಾಡುತ್ತದೆ.
ಕೊಳಗ, ಬಳ್ಳ, ಸೇರು, ಪಾವು
ಒಡಹುಟ್ಟಿದವರಂತೆ ಎತ್ತರಕ್ಕೆ ತಕ್ಕ ಹಾಗೆ ನಿಂತಿವೆ.
ಬಾವಿ ಒಂದೇ. ಯಾರು ಬೇಕಾದರೂ ಸೇದಬಹುದು.

ನಾನೂ ಸೇದಿದೆ.
ಹೊಸ ಹಗ್ಗ ಅಂಗೈಗೆ ಚುಚ್ಚಿತು.
ಒಂದು ಗಳಿಗೆ ನಿಜವಾಗಿಯೂ ಹಿಂದೆ ಹೋಗಿದ್ದೆ:
ಸಾರಿಸಿದ ನೆಲದ ತಂಪು, ಸೂರಿನಡಿ ಬೆಳಗಿನ ಹೊಗೆ,
ಯಾರದೋ ಒಲೆಯ ಮೇಲೆ ಹುರುಳಿ ಬೇಯುವ ವಾಸನೆ,
ಎತ್ತು ಕೊರಳಾಡಿಸುವ ಮೊದಲೇ ಎದ್ದ ಜನ.
ಚೆನ್ನಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ.

"ಅಪ್ಪ, ಇದರಲ್ಲಿ ನಮ್ಮ ಮನೆ ಯಾವುದು?"
ಸುಮೇಧ ಬಾಗಿಲ ಬಳಿಯ ನಕ್ಷೆಯ ಮೇಲೆ
ಬೆರಳಿಟ್ಟು ಒಂದೊಂದೇ ಚೌಕ ಓದುತ್ತಿದ್ದಳು.
ನಾನೂ ಹುಡುಕಿದೆ, ಹಲಗೆಯ ಅಂಚಿನವರೆಗೆ.
ಊರು ಮುಗಿದಲ್ಲಿ ಬಣ್ಣವೂ ಮುಗಿದಿತ್ತು.
ಆಚೆಗೆ ಒಂದು ಬಾಣದ ಗುರುತು: ವಾಹನ ನಿಲುಗಡೆ.

ಹಿತ್ತಿಲಲ್ಲಿ ಹಗೇವು.
ಬಾಯಿಗೆ ಗಾಜು ಮುಚ್ಚಿ ಒಳಗೆ ಬಲ್ಬು ಇಟ್ಟಿದ್ದಾರೆ.
ಗೈಡು ಹುಡುಗ, ಪಂಚೆಯ ಕೆಳಗೆ ಜೀನ್ಸು, ಒಪ್ಪಿಸಿದ:
"ನೆಲದಡಿಯ ಕಣಜ. ವರ್ಷಗಟ್ಟಲೆ ರಾಗಿ ಕೆಡಲ್ಲ.
ಎಂಥ ಬರ ಬಂದರೂ ಊರು ಉಣ್ಣುತ್ತಿತ್ತು."

ನಿಜವೇ.
ಅವನ ಪಾಠದಲ್ಲಿ ಇಲ್ಲದ್ದು ಇಷ್ಟು:
ಬಾಯಿ ತೆಗೆದ ಕೂಡಲೇ ಹಗೇವಿಗೆ ಇಳಿಯಬಾರದು.
ಒಳಗೆ ಕೆಟ್ಟ ಗಾಳಿ ಕಾದು ಕೂತಿರುತ್ತದೆ.
ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು.
ಉರಿದರೆ ಆಳು ಇಳಿಯಬಹುದು,
ಆರಿದರೆ ಕಾಯಬೇಕು.

ಪಟೇಲರಿಗೆ ಒಂದು ದಿನ ಅವಸರವಿತ್ತಂತೆ.
ನೆಂಟರು ಬಂದಿದ್ದರೋ, ಗಾಡಿ ಹೊರಡಬೇಕಿತ್ತೋ,
ನಮ್ಮಜ್ಜಿ ಹೇಳುವಾಗ ಒಂದೊಂದು ಸಲ ಒಂದೊಂದು ಕಾರಣ.
ಎರಡು ಸಲ ಆರಿದ ದೀಪವನ್ನು ಪಕ್ಕಕ್ಕಿಟ್ಟು
ಅವಳ ಅಣ್ಣ ಚಿಕ್ಕಬೋರನ ಕಂಕುಳಿಗೆ ಹಗ್ಗ ಬಿಗಿದರು.
ಹನ್ನೊಂದು ವರ್ಷ. ಸಣ್ಣ ಮೈ, ಕಿರಿದು ಬಾಯಿಗೆ ಸಲೀಸು.
ಒಂದು ಕುಕ್ಕೆ ರಾಗಿ ಮೇಲೆ ಬಂತು.
ಎರಡನೆಯದಕ್ಕೆ ಕೂಗಿದರು, ಕೂಗಿದರು,
ಎಳೆದರು. ಹಗ್ಗ ರಾಗಿಗಿಂತ ಭಾರವಾಗಿತ್ತು.

ಮಗಳು ಗಾಜಿನ ಮೇಲೆ ಮಂಡಿಯೂರಿ ಇಣುಕಿದಳು.
ಅವಳ ಉಸಿರಿಗೆ ಗಾಜು ಮಸುಕಾಯಿತು, ತಿಳಿಯಾಯಿತು.
ಕೆಳಗೆ ಬಲ್ಬು ಉರಿಯುತ್ತಲೇ ಇತ್ತು.
ಎಂಥ ಗಾಳಿಗೂ ಆರದ ಆ ದೀಪವನ್ನು ನಂಬಿ
ದಿನಾ ಎಷ್ಟು ಜನ ಇಳಿಯುತ್ತಾರೋ.

ಐದೂ ಕಾಲಿಗೆ ಪುಟ್ಟಸಿದ್ದಮ್ಮ
ನಿಲುಗಡೆಯ ಮೈದಾನದಲ್ಲಿ ಬಸ್ಸಿಗೆ ನಿಂತಿದ್ದಳು.
"ಎಲ್ಲ ನೋಡುದ್ರಾ ಸಾ?"
"ನಮ್ಮ ಮನೆ ಮಾತ್ರ ಸಿಗಲಿಲ್ಲ" ಎಂದಳು ಸುಮೇಧ.

ಅವಳು ನನ್ನ ಮುಖ ನೋಡಿದಳು.
ಕಾರುಗಳ ನಡುವಿನ ಬರಿ ನೆಲ ನೋಡಿದಳು.
ಆಮೇಲೆ ಮೆಲ್ಲಗೆ ಒಂದು ಹೆಜ್ಜೆ ಸರಿದು ನಿಂತಳು,
ಗೊತ್ತಿಲ್ಲದೆ ಯಾರದೋ ಹೊಸ್ತಿಲು ತುಳಿದವಳಂತೆ.