ಎಂಟನೆಯ ಹಾಳೆ

ಪೊಟ್ಟಣದಲ್ಲಿ ಎಂಟೇ ಹಾಳೆ.
ವಾಯಿದೆ ಮುಗಿದು ಆರು ವರ್ಷ, ಅದಕ್ಕೇ ಅಗ್ಗ.
ಬೋರ್ಗ್‌ಹೋಮಿನ ಹಳೇ ಸಾಮಾನಿನ ಸಂತೆಯಲ್ಲಿ
ಕ್ಯಾಮರಾ ಮಾರಿದವನು ಎಚ್ಚರಿಸಿದ್ದ:
"ಇದಕ್ಕೆ ಚಳಿ ಆಗದು. ಚಿತ್ರ ಹೊರಬಿದ್ದ ಕೂಡಲೇ
ಕಂಕುಳಲ್ಲಿ ಇಟ್ಟುಕೋ,
ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ."

ನನ್ನಪ್ಪ ಕಾಲ್ಮಾರಿನ ಚಿತ್ರಮಂದಿರದಲ್ಲಿ
ರೀಲು ಬಿಡುತ್ತಿದ್ದವನು.
ಅವನ ಗೂಡಿನ ಪುಟ್ಟ ಕಿಂಡಿಗೆ ಹಣೆ ಒತ್ತಿ
ಒಂಬತ್ತರ ನಾನು ನೋಡುತ್ತಿದ್ದೆ
ಕಪ್ಪು ಬಿಳುಪಿನ ಹೆಂಗಸರನ್ನು.
ಒಬ್ಬಳು ನಮ್ಮನ್ನು ನೋಡುವಳು,
ಇನ್ನೊಬ್ಬಳು ಅವಳ ಕೆನ್ನೆಯನ್ನು.
ಮಾತಿಲ್ಲ. ಎಲ್ಲೋ ಒಂದು ಗಡಿಯಾರ.
ಒಂದೇ ಕಿಟಕಿಯಿಂದ ಬೆಳಕು, ಅದೂ ಕೈಗಡ ಕೊಟ್ಟಷ್ಟು.
"ಇವರಿಗೆ ಏನಾಗಿದೆ, ಅಪ್ಪ?"
"ಏನೂ ಆಗಿಲ್ಲ. ಅದೇ ಅವರ ಕಷ್ಟ," ಅಂದ.
ಗರಿಗರಿ ರೊಟ್ಟಿಗೆ ಬೆಣ್ಣೆ ಸವರಿ
ಮುರಿದು ಅರ್ಧ ಕೊಟ್ಟ.

ಬೇಸಿಗೆಯಲ್ಲಿ ನಾನು ದೋಣಿಕಟ್ಟೆಯಲ್ಲಿ ಟಿಕೆಟ್ಟು ಹರಿಯುತ್ತೇನೆ.
ಚಳಿಗಾಲದಲ್ಲಿ ಹರಿಯಲು ಏನೂ ಇಲ್ಲ.
ಹಾಗಾಗಿ ಈ ಹುಚ್ಚು:
ಆ ಹೆಂಗಸರಂಥ ಒಂದು, ಒಂದೇ ಒಂದು ಚಿತ್ರ.
ಮೊದಲ ಹಾಳೆಯಲ್ಲಿ ಆಕಾಶ ಚಹಾದ ಬಣ್ಣಕ್ಕೆ ತಿರುಗಿತು.
ಕಿಟಕಿಯ ಬಳಿಯ ಕುರ್ಚಿ ಚೆನ್ನಾಗಿಯೇ ಬಂತು,
ಕೂತದ್ದು ನನ್ನ ಹೆಬ್ಬೆರಳ ಗುರುತು.
ಮಿಕ್ಕವುಗಳ ಸುದ್ದಿ ಬೇಡ.

ಎಂಟನೆಯದಕ್ಕೆ ಅಪ್ಪನ ಅಕ್ಕಂದಿರನ್ನು ಕರೆದೆ.
ಯೋರ್ಡಿಸ್ ಮತ್ತು ಸಿಗ್ನೆ:
ಮಾತು ಬಿಟ್ಟು ಹನ್ನೊಂದು ವರ್ಷ.
ಅಜ್ಜಿಯ ಕಾಫಿ ಬೀಸುವ ಯಂತ್ರ ಯಾರದೆಂದು ಶುರುವಾದದ್ದು
ಆಮೇಲೆ ಯಂತ್ರವೇ ಬೇಕಾಗದೆ ಬೆಳೆಯಿತು.
"ಫೋಟೋಕ್ಕಾದರೆ ಬರುತ್ತೇನೆ," ಅಂದಳು ಒಬ್ಬಳು,
"ಮಾತಾಡಬೇಕಿಲ್ಲವಲ್ಲ."
ಇನ್ನೊಬ್ಬಳೂ ಫೋನಿನಲ್ಲಿ ಅದನ್ನೇ ಅಂದಳು.

ನವೆಂಬರ್. ಮಧ್ಯಾಹ್ನ ಎರಡೂವರೆ.
ಬೆಳಕು ಆಗಲೇ ಚಪ್ಪಲಿ ಹುಡುಕುತ್ತಿತ್ತು.
ಬೀರುಮಿನ ಸುಣ್ಣಕಲ್ಲಿನ ಕಂಬಗಳ ಕೆಳಗೆ
ಇಬ್ಬರನ್ನೂ ನಿಲ್ಲಿಸಿದೆ.
"ನೀವು ನನ್ನನ್ನು ನೋಡಿ. ನೀವು ಇವರ ಕೆನ್ನೆ ನೋಡಿ."
"ಯಾವ ಕೆನ್ನೆ?"
"ಕಾಣುವುದು. ಇನ್ನೂ ಹತ್ತಿರ. ಇನ್ನೂ."
ಮೂಗಿನ ತುದಿ ಕಿವಿಯೋಲೆಗೆ ತಗಲುವಷ್ಟು.
ಸಿಗ್ನೆ ಉಸಿರೆಳೆದು, ಸಮುದ್ರಕ್ಕೆ ಹೇಳಿದಳು:
"ಇವಳು ಅಮ್ಮನ ಮೊಣಕಾಲಿನ ಮುಲಾಮು ಹಚ್ಚಿದ್ದಾಳೆ."

ಒತ್ತಿದೆ.
ಕ್ಯಾಮರಾ ಹಲ್ಲು ಕಡಿದು ಬಿಳಿ ನಾಲಿಗೆ ಚಾಚಿತು.
ನನ್ನದೋ ಟಿಕೆಟ್ಟಿನವರ ತೆಳು ಕೋಟು.
ಯೋರ್ಡಿಸ್ ಹಾಳೆ ಕಸಿದು, ಗುಂಡಿ ಬಿಚ್ಚಿ
ಉಣ್ಣೆಯೊಳಗೆ, ಕಂಕುಳಿಗೆ ಸಿಕ್ಕಿಸಿದಳು,
ಜ್ವರ ನೋಡುವವಳ ಹಾಗೆ.
"ಎಷ್ಟು ಹೊತ್ತು?"
"ಹತ್ತು ನಿಮಿಷ."

ಹತ್ತು ನಿಮಿಷ ಎಂದರೆ
ಆ ಕಡಲತಡಿಯಲ್ಲಿ ಬಲು ಉದ್ದ.
ನೀರು ಕಲ್ಲಿಗೆ ಅದನ್ನೇ ಹೇಳಿತು, ಮತ್ತೆ ಹೇಳಿತು.
ಮೂರನೆಯ ನಿಮಿಷಕ್ಕೆ ಸಿಗ್ನೆ ಸುತ್ತುಹಾಕಿ
ಗಾಳಿ ಬರುವ ಕಡೆ ಹೋಗಿ ನಿಂತಳು.
ಐದಕ್ಕೋ ಆರಕ್ಕೋ ತನ್ನ ಕೋಟು ಬಿಚ್ಚಿ
ಅಕ್ಕನನ್ನೂ ಸೇರಿಸಿ ಹೊದೆಸಿದಳು.
"ಚಿತ್ರಕ್ಕೆ ಚಳಿಯಾಗುತ್ತೆ," ಅಂದಳು,
ಯಾರಿಗೆಂದು ಹೇಳಲಿಲ್ಲ.

ಒಂದು ಕೋಟು, ನಾಲ್ಕು ಬೂಟು, ಎರಡು ನರೆತ ತಲೆ.
ಒಂಬತ್ತನೆಯ ಹಾಳೆ ನನ್ನ ಬಳಿ ಇರಲಿಲ್ಲ.

ಹೊರತೆಗೆದಾಗ ಸಿಗ್ನೆಯ ಪಕ್ಕಮುಖ ಸ್ಪಷ್ಟ,
ರೆಪ್ಪೆ ಎಣಿಸಬಹುದು.
ಅವಳು ನೋಡುತ್ತಿದ್ದ ಕಡೆ ಯೋರ್ಡಿಸ್ ಇಲ್ಲ:
ಕರಗದೆ ಉಳಿದ ಹಿಮದಂಥ ಒಂದು ಬಿಳಿ,
ಅದರ ಅಂಚಿಗೆ ಕಿವಿಯೋಲೆ.

"ನಾನಿಲ್ಲ ಇದರಲ್ಲಿ. ನೀನೇ ಇಟ್ಟುಕೋ."
"ನೀನಿಲ್ಲದ್ದು ನನಗ್ಯಾಕೆ?"
"ಹಾಗಾದರೆ ಎಸಿ."
"ಎಸೆಯೋಕೆ ನೀನ್ಯಾರು?"

ಕಾರಿನವರೆಗೂ ಜಗಳ, ಜಲ್ಲಿಯ ಮೇಲೆ ಜಾರುತ್ತಾ,
ಬೀಳದ ಹಾಗೆ ಒಬ್ಬರ ತೋಳು ಒಬ್ಬರು ಹಿಡಿದು.
ನಾನು ಅಲ್ಲೇ ನಿಂತು
ಖಾಲಿ ಕ್ಯಾಮರಾದ ಕಿಂಡಿಗೆ ಕಣ್ಣಿಟ್ಟೆ.
ಗಾಳಿ ಅವರ ಮಾತನ್ನು ಹರಿದು ಹರಿದು ತರುತ್ತಿತ್ತು:
ಕಾಫಿ... ಅಂದರೆ... ಅವತ್ತು ನೀನೇ...